ಶ್ಟಾನ್ಯೆಲ್ ಪಕ್ಕದ ಓಸ್ಮಿತ್ಸಾ: ಊಟಕ್ಕೆ ಮೊದಲು ಬೆಟ್ಟ ಹತ್ತಿ

ಸ್ಲೊವೇನಿಯಾದ ಕ್ರಾಸ್ ಪ್ರಸ್ಥಭೂಮಿ ಕಡೆ ಹೋಗುವವರು ರೆಸ್ಟೋರೆಂಟ್ ಹುಡುಕುವ ಮುಂಚೆ ಹತ್ತಿರದಲ್ಲಿ ಯಾವುದಾದರೂ ಓಸ್ಮಿತ್ಸಾ ತೆರೆದಿದೆಯಾ ಅಂತ ವಿಚಾರಿಸಿ. ರೈತರು ವರ್ಷದಲ್ಲಿ ಕೆಲವು ದಿನ ಮಾತ್ರ ತಮ್ಮ ಮನೆಯಂಗಳದಲ್ಲೇ ಬೆಂಚು ಹಾಕಿ ಊಟ ಕೊಡುತ್ತಾರೆ, ಅದೇ ಓಸ್ಮಿತ್ಸಾ. ತಮ್ಮ ದ್ರಾಕ್ಷಿಯ ವೈನ್, ತಾವೇ ಒಣಗಿಸಿದ ಮಾಂಸ, ಮನೆಯಲ್ಲಿ ಸುಟ್ಟ ಬ್ರೆಡ್. ಎಂಟೆಂಟು ದಿನ ಬಾಗಿಲು ತೆರೆಯುವ ಹಳೇ ಪದ್ಧತಿ ಇದು. 1784ರಲ್ಲಿ ಹ್ಯಾಬ್ಸ್‌ಬರ್ಗ್ ದೊರೆ ಎರಡನೇ ಜೋಸೆಫ್ ಹೊರಡಿಸಿದ ಆದೇಶ ರೈತರ ಈ ಮಾರಾಟಕ್ಕೆ ಕಾನೂನಿನ ಬಲ ಕೊಟ್ಟಿತು. ನಾನು ಉಂಡದ್ದು ಶ್ಟಾನ್ಯೆಲ್ ಬೆಟ್ಟದ ಬುಡದ ಒಂದು ಮನೆಯಲ್ಲಿ. ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಆದರೆ ನೇರ ಊಟಕ್ಕೆ ಹೋಗಬೇಡಿ, ಮೊದಲು ಮೇಲಿನ ಊರು ನೋಡಿ ಬನ್ನಿ. ಆ ನೆಲ ನೋಡಿದ ಮೇಲೆ ತಟ್ಟೆಯಲ್ಲಿ ಇರುವುದೆಲ್ಲ ಯಾಕೆ ಹಾಗಿದೆ ಅಂತ ಗೊತ್ತಾಗುತ್ತದೆ.

ಶ್ಟಾನ್ಯೆಲ್ ಚಿಕ್ಕ ಊರು, ಕೋಮೆನ್ ಪುರಸಭೆಗೆ ಸೇರಿದ್ದು. ಕಲ್ಲಿನ ಮನೆಗಳು ಇಳಿಜಾರಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ನಿಂತಿವೆ, ಒಂದರ ಗೋಡೆಗೆ ಇನ್ನೊಂದು ಅಂಟಿಕೊಂಡು. ಮುಖ ಬಿಸಿಲಿನ ಕಡೆ, ಬೆನ್ನು ಬೂರ್ಯಾ ಕಡೆ. ಬೂರ್ಯಾ ಅಂದರೆ ಈಶಾನ್ಯದಿಂದ ನುಗ್ಗುವ ಒಣ ಗಾಳಿ, ಚಳಿಗಾಲದಲ್ಲಂತೂ ಜೋರು. ಗಾಳಿಯ ಜೊತೆಗೆ ಇನ್ನೊಂದು ಕಷ್ಟ ನೀರಿನದು. ಪೂರ್ತಿ ಸುಣ್ಣಕಲ್ಲಿನ ನೆಲ, ಬಿದ್ದ ಮಳೆ ಬಿರುಕುಗಳಲ್ಲಿ ಇಳಿದು ಹೋಗುತ್ತದೆ, ಮೇಲೆ ಹೊಳೆ ಹಳ್ಳ ನಿಲ್ಲುವುದಿಲ್ಲ. ಹಾಗಾಗಿ ಹಿಂದೆ ಮಾಡಿನ ನೀರೇ ಗತಿ. ಇಲ್ಲಿ ಕ್ರಾಸ್ ಮನೆ ಅಂತ ಪುಟ್ಟ ಮ್ಯೂಸಿಯಂ ಇದೆ, ತಪ್ಪಿಸಬೇಡಿ. ಅದರ ಮಾಡು ಕೂಡ ಕಲ್ಲು ಚಪ್ಪಡಿಯದೇ. ಮಾಡಿನ ನೀರನ್ನು ಕಲ್ಲಿನ ದೋಣಿಯಲ್ಲಿ ಹಿಡಿದು ತೊಟ್ಟಿಗೆ ಇಳಿಸುವುದನ್ನು ಕಣ್ಣಾರೆ ನೋಡಬಹುದು. ಕೋಣೆಗಳು ಇಕ್ಕಟ್ಟು, ಆದರೆ ಹೊರಗೆ ಬರಲು ಮನಸ್ಸೇ ಆಗುವುದಿಲ್ಲ.

ಕೋಟೆಯೂ ಇದೆ, ಕೊಬೆನ್ಸ್ಲ್ ಮನೆತನದ್ದು. ಎರಡನೇ ಮಹಾಯುದ್ಧದಲ್ಲಿ ಸುಟ್ಟುಹೋಯಿತು, ಸರಿ ಮಾಡಿದ ಭಾಗದಲ್ಲಿ ಲೋಯ್ಜೆ ಸ್ಪಾತ್ಸಾಲ್ ಎಂಬ ಕಲಾವಿದರ ಗ್ಯಾಲರಿ ಇದೆ. ಪಕ್ಕದಲ್ಲಿ ಸಂತ ಡೇನಿಯಲ್ ಚರ್ಚ್. ಅದರ ಗೋಪುರದ ತುದಿ ನಿಂಬೆಹಣ್ಣಿನ ಆಕಾರದಲ್ಲಿದೆ, ದೂರದಿಂದಲೇ ಊರಿನ ಗುರುತು ಸಿಗುತ್ತದೆ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಫೆರಾರಿ ತೋಟ. ಮಾಡಿದವರು ಮಾಕ್ಸ್ ಫಾಬಿಯಾನಿ. 1865ರಲ್ಲಿ ಪಕ್ಕದ ಕೋಬ್ದಿಲ್ ಹಳ್ಳಿಯಲ್ಲಿ ಹುಟ್ಟಿ, ವಿಯೆನ್ನಾದಲ್ಲಿ ದೊಡ್ಡ ವಾಸ್ತುಶಿಲ್ಪಿ ಆಗಿ, 1895ರ ಭೂಕಂಪದ ಮೇಲೆ ಲ್ಯುಬ್ಲ್ಯಾನಾ ನಗರಕ್ಕೆ ಹೊಸ ನಕ್ಷೆ ಬರೆದುಕೊಟ್ಟವರು. ಅಷ್ಟೆಲ್ಲ ಮಾಡಿ ಆಮೇಲೆ ಊರಿಗೆ ವಾಪಸ್ ಬಂದು, ಎರಡು ಮಹಾಯುದ್ಧಗಳ ನಡುವೆ ಇದೇ ಪುಟ್ಟ ಶ್ಟಾನ್ಯೆಲ್‌ನ ಮೇಯರ್ ಆದರು! ಟ್ರಿಯೆಸ್ತೆಯ ಡಾಕ್ಟರ್ ಎನ್ರಿಕೊ ಫೆರಾರಿ ಅವರಿಗಾಗಿ ಅವರು ಮನೆ ಮತ್ತು ತೋಟ ಎರಡನ್ನೂ ರೂಪಿಸಿದರು. ಇಳಿಜಾರಿನ ಕಲ್ಲಿನ ಪಾಗಾರಗಳನ್ನು ಬಳಸಿಕೊಂಡೇ ಜಗಲಿಗಳು, ಮಧ್ಯೆ ಅಂಡಾಕಾರದ ಕೊಳ, ಅದಕ್ಕೊಂದು ಕಲ್ಲಿನ ಸೇತುವೆ. ನೀರೇ ಇಲ್ಲದ ಬೆಟ್ಟದ ಮೇಲೆ ಕೊಳ ಅಂದರೆ ಸುಮ್ನೆ ಅಲಂಕಾರ ಅಂತ ಅಂದುಕೊಳ್ಳಬೇಡಿ. ಮಳೆನೀರನ್ನು ಹಿಡಿದು, ಕೂಡಿಟ್ಟು, ತೋಟಕ್ಕೆ ಹರಿಸುವ ವ್ಯವಸ್ಥೆ ಇದರ ಹಿಂದಿದೆ. ಕೊಳದ ಪಕ್ಕ ಕೂತರೆ ಕೆಳಗೆ ದ್ರಾಕ್ಷಿ ಸಾಲು, ದೂರದಲ್ಲಿ ನಾನೋಸ್ ಬೆಟ್ಟ. ಸಮಯ ಕಡಿಮೆ ಇದ್ದರೆ ಗ್ಯಾಲರಿ ಬಿಡಿ, ಇದನ್ನು ಮಾತ್ರ ಬಿಡಬೇಡಿ.

ಈಗ ಊಟ. ರಸ್ತೆ ಕೂಡುವ ಕಡೆ ಕಂಬಕ್ಕೆ ಐವಿ ಬಳ್ಳಿಯ ಸೊಪ್ಪಿನ ಕಟ್ಟು ತೂಗುಹಾಕಿ, ಬಾಣದ ಗುರುತು ಹಾಕಿರುತ್ತಾರೆ. ಅದನ್ನು ಹಿಡಿದು ಹೋದರೆ ಅಂಗಳ ಸಿಗುತ್ತದೆ. ಮೊದಲು ಬಂದದ್ದು ಪರ್ಶುತ್, ಹಂದಿಯ ತೊಡೆಯನ್ನು ಬರೀ ಸಮುದ್ರದ ಉಪ್ಪು ಹಾಕಿ, ಹೊಗೆ ಕೊಡದೆ, ಗಾಳಿಯಲ್ಲಿ ತಿಂಗಳುಗಟ್ಟಲೆ ಒಣಗಿಸಿದ್ದು. ಮೇಲೆ ಊರಿನ ಮನೆಗಳು ಬೆನ್ನು ತಿರುಗಿಸಿ ನಿಂತಿದ್ದವಲ್ಲ, ಆ ಬೂರ್ಯಾ ಗಾಳಿಯೇ ಇಲ್ಲಿ ಕೆಲಸಕ್ಕೆ ಬಂದಿದೆ. ಯಜಮಾನರು ಕೈಯಿಂದಲೇ ಕೊಯ್ದು ಕೊಟ್ಟರು, ತುಸು ದಪ್ಪ ದಪ್ಪ. ಅದೇ ನನಗೆ ಇಷ್ಟ ಆಯಿತು, ಅಗಿದಷ್ಟೂ ರುಚಿ ಬಿಡುತ್ತಿತ್ತು. ಜೊತೆಗೆ ತೆರಾನ್ ವೈನ್, ಜಗ್ಗಿನಲ್ಲಿ. ಸುಣ್ಣಕಲ್ಲಿನ ಮೇಲೆ ಕೂತಿರುವ ಕಬ್ಬಿಣದ ಅಂಶದ ಕೆಂಪು ಮಣ್ಣಿನಲ್ಲಿ ರೆಫೋಶ್ಕ್ ದ್ರಾಕ್ಷಿ ಬೆಳೆದು ಮಾಡುವ ವೈನ್ ಇದು. ಬಣ್ಣ ಗಾಢ, ಹುಳಿ ಜಾಸ್ತಿ. ಮೊದಲ ಗುಟುಕಿಗೆ ಮುಖ ಕಿವುಚಿಕೊಳ್ಳುವಷ್ಟು ಹುಳಿ ಅನ್ನಿಸಬಹುದು, ಆದರೆ ಉಪ್ಪುಪ್ಪಾದ ಪರ್ಶುತ್ ಜೊತೆ ಕುಡಿದು ನೋಡಿ, ಎರಡೂ ಒಂದಕ್ಕೊಂದು ಹೇಳಿ ಮಾಡಿಸಿದ ಹಾಗಿವೆ.

ಯೋಟಾ ಅಂತ ಒಂದು ಬಿಸಿ ಪದಾರ್ಥ ಸಿಗುತ್ತದೆ: ಹುಳಿ ಬರಿಸಿದ ಎಲೆಕೋಸು, ಬೀನ್ಸ್ ಕಾಳು, ಆಲೂಗಡ್ಡೆ. ನಮ್ಮ ಗಟ್ಟಿ ಹುಳಿಯ ಹಾಗೆ, ಖಾರ ಮಾತ್ರ ಇಲ್ಲ. ಸಸ್ಯಾಹಾರಿಗಳು ಇಲ್ಲಿ ಹುಷಾರು, ಇದಕ್ಕೆ ಹೊಗೆ ಹಾಕಿದ ಹಂದಿಮಾಂಸ ಸೇರಿಸುವುದು ಮಾಮೂಲು. ಮೊದಲೇ ಕೇಳಿ. ಮಾಂಸ ಇಲ್ಲದೆ ನನಗೆ ಕಂಡದ್ದು ಚೀಸ್, ಬೇಯಿಸಿದ ಮೊಟ್ಟೆ, ಉಪ್ಪಿನಕಾಯಿ ತರಕಾರಿ, ಬ್ರೆಡ್. ಬ್ರೆಡ್ ಚೆನ್ನಾಗಿತ್ತು, ಚೀಸ್ ಸಾಧಾರಣ. ಮೊಟ್ಟೆಯೂ ತಿನ್ನದವರಿಗೆ ಹೊಟ್ಟೆ ತುಂಬುವುದು ಕಷ್ಟ.

ಅರ್ಧ ಅಂಕ ಕಳೆದದ್ದು ಕಾಯಿಸಿದ್ದಕ್ಕೆ. ಇಡೀ ಅಂಗಳ ನೋಡಿಕೊಳ್ಳುವುದು ಮನೆಯವರೇ, ಬೆಂಚುಗಳು ತುಂಬಿದ ಮೇಲೆ ನಮ್ಮ ಕಡೆ ತಿರುಗಲು ಅವರಿಗೆ ಪುರುಸೊತ್ತಾಗಲಿಲ್ಲ. ಸಿಹಿ ಕೇಳುವ ಹೊತ್ತಿಗೆ ಮುಗಿದಿತ್ತು. ಆದರೂ ಯಾರೂ ಎಬ್ಬಿಸಿ ಕಳಿಸುವುದಿಲ್ಲ, ಗೊತ್ತಿಲ್ಲದವರ ಪಕ್ಕದಲ್ಲೇ ಜಾಗ ಮಾಡಿ ಕೂರಿಸುತ್ತಾರೆ, ಅದು ದೊಡ್ಡ ವಿಷಯ ಅಲ್ವಾ? 2022ರ ಜುಲೈನಲ್ಲಿ ಸ್ಲೊವೇನಿಯಾ ಕಂಡ ಅತಿ ದೊಡ್ಡ ಕಾಳ್ಗಿಚ್ಚು ಹತ್ತಿದ್ದು ಇದೇ ಕ್ರಾಸ್‌ನಲ್ಲಿ, 3,500 ಹೆಕ್ಟೇರ್‌ಗೂ ಹೆಚ್ಚು ಸುಟ್ಟಿತು. ಅಂಥ ನೆಲದಲ್ಲಿ ಬೇಸಾಯ ಹಿಡಿದು ಕೂತಿರುವವರ ಕೈಗೆ ನೇರ ನಾಲ್ಕು ಯೂರೊ ಹೋದರೆ ನನಗೆ ಸಂತೋಷವೇ.

ನಾನು ಹೋದ ಮನೆಯಲ್ಲಿ ಕಾರ್ಡ್ ನಡೆಯಲಿಲ್ಲ, ನಗದು ಇಟ್ಟುಕೊಳ್ಳಿ. ಕಾರಿನಲ್ಲಿ ಹೋಗುವುದಾದರೆ ಒಬ್ಬರು ವೈನ್ ಮುಟ್ಟಬೇಡಿ. ಇಲ್ಲದಿದ್ದರೆ ರೈಲು ಹಿಡಿಯಿರಿ. 1906ರಲ್ಲಿ ಶುರುವಾದ ಹಳೇ ಮಾರ್ಗದಲ್ಲಿ, ನೋವಾ ಗೋರಿತ್ಸಾ ಮತ್ತು ಸೆಜಾನಾ ನಡುವೆ ಶ್ಟಾನ್ಯೆಲ್ ಸ್ಟೇಷನ್ ಸಿಗುತ್ತದೆ. ರೈಲುಗಳು ಕಡಿಮೆ, ವಾಪಸ್ ರೈಲಿನ ಹೊತ್ತು ನೋಡಿಕೊಂಡೇ ಎರಡನೇ ಜಗ್ಗು ಹೇಳಿ.