ನಿಂಬೆ ಶರಬತ್ತಿಗೆ ಸಕ್ಕರೆಯೋ, ಪಾಕವೋ, ಬೆಲ್ಲವೋ?

ಶರಬತ್ತು ಕೆಟ್ಟರೆ ಬೈಗುಳವೆಲ್ಲ ನಿಂಬೆಹಣ್ಣಿಗೆ. ಹಣ್ಣು, ನೀರು, ಉಪ್ಪು ಒಂದೇ ಇಟ್ಟು ಸಿಹಿಯನ್ನಷ್ಟೇ ಬದಲಿಸಿ ಮೂರು ಲೋಟ ಪಕ್ಕಪಕ್ಕ ಕುಡಿದು ನೋಡಿ, ಒಂದರಂತೆ ಇನ್ನೊಂದಿರುವುದಿಲ್ಲ. ಇಲ್ಲಿನ ಅಳತೆ 200 ಮಿ.ಲೀ. ಲೋಟದ್ದು: 15 ಮಿ.ಲೀ. ರಸ, ಅಂದರೆ ಮೂರು ಟೀ ಚಮಚ, ಮತ್ತು ಚಿಟಿಕೆ ಉಪ್ಪು. ವಿಜಯಪುರದ ಇಂಡಿ ಕಡೆಯ ತೆಳು ಸಿಪ್ಪೆಯ ಹಣ್ಣು ಚೆನ್ನಾಗಿ ಮಾಗಿದ್ದರೆ ಒಂದೇ ಸಾಕು, ಒಣಗಿದ್ದರೆ ಎರಡು ಬೇಕು. ಗಜನಿಂಬೆಯಾದರೆ ಹಣ್ಣಿನ ಲೆಕ್ಕ ಬಿಟ್ಟು ಚಮಚದಲ್ಲೇ ಅಳೆಯಿರಿ.

ನೇರವಾಗಿ ಸಕ್ಕರೆ ಹಾಕುವುದು ಎಲ್ಲರ ಮನೆಯ ರೂಢಿ. 25 ಗ್ರಾಂ ಬೇಕು, ಸುಮಾರು ಐದಾರು ಟೀ ಚಮಚ. ಫ್ರಿಜ್ಜಿನ ನೀರಿಗೆ ಹಾಕಿದರೆ ಅದು ಬೇಗ ಕರಗುವುದಿಲ್ಲ; ಮೊದಲ ಗುಟುಕು ಹುಳಿ, ತಳದಲ್ಲಿ ಸಕ್ಕರೆ. ಸಿಹಿ ಸಾಲದೆಂದು ಇನ್ನೊಂದು ಚಮಚ ಸುರಿಯುವವರೇ ಹೆಚ್ಚು. ಕೊಠಡಿಯ ಬಿಸಿಯಲ್ಲಿರುವ ಅರ್ಧ ಲೋಟ ನೀರಲ್ಲಿ ಸಕ್ಕರೆ, ಉಪ್ಪು ಪೂರ್ತಿ ಕರಗಿಸಿ, ರಸ ಬೆರೆಸಿ, ಐಸನ್ನು ಕೊನೆಗೆ ಹಾಕಿದರೆ ಈ ತಾಪತ್ರಯವಿಲ್ಲ.

ದಿನಾ ಮಾಡುವವರಿಗೆ ಸಕ್ಕರೆ ಪಾಕವೇ ಮೇಲು. ಅರ್ಧ ಕೆಜಿ ಸಕ್ಕರೆಗೆ ಅರ್ಧ ಲೀಟರ್ ನೀರು, ಕರಗಿ ಒಂದು ಕುದಿ ಬಂದರೆ ಸಾಕು. ಎಳೆ ಪಾಕ ಬರಿಸಬೇಡಿ, ತಣ್ಣೀರಲ್ಲಿ ಬೆರೆಯಲು ತಡವಾಗುತ್ತದೆ. 800 ಮಿ.ಲೀ. ಆಸುಪಾಸು ಆಗುತ್ತದೆ, ಲೋಟಕ್ಕೆ 40 ಮಿ.ಲೀ. ಬಾಟಲಿ ಒದ್ದೆಯಿರಬಾರದು, ಫ್ರಿಜ್ಜಿನಲ್ಲೇ ಇರಬೇಕು. ನಿಂಬೆರಸವನ್ನು ಪಾಕದ ಜೊತೆ ಕುದಿಸುವವರಿದ್ದಾರೆ: ಹುಳಿ ಉಳಿಯುತ್ತದೆ, ಪರಿಮಳ ಹೋಗುತ್ತದೆ.

ಸೋಡಾ ಬೆರೆಸುವುದಿದ್ದರಂತೂ ಪಾಕ ಬಿಟ್ಟರೆ ಗತಿಯಿಲ್ಲ. ಸಕ್ಕರೆ ಅಥವಾ ಉಪ್ಪಿನ ಹರಳು ಬಿದ್ದ ಕೂಡಲೇ ಅದರ ಸುತ್ತ ಗುಳ್ಳೆ ಕಟ್ಟಿ ಸೋಡಾ ಉಕ್ಕುತ್ತದೆ, ಲೋಟದಲ್ಲಿ ಉಳಿಯುವುದು ಸಪ್ಪೆ ನೀರು. ರಸ, ಪಾಕ, ಉಪ್ಪು ಮೊದಲೇ ಕಲಸಿಟ್ಟು, ಚೆನ್ನಾಗಿ ತಣಿದ ಸೋಡಾವನ್ನು ಲೋಟದ ಅಂಚಿಗೆ ನಿಧಾನ ಸುರಿದು, ಒಂದೇ ಸಲ ತಿರುವಿ. ಸೋಡಾಕ್ಕೂ ತನ್ನದೇ ಹುಳಿ ಇರುವುದರಿಂದ ಪಾಕ ಐದು ಮಿ.ಲೀ. ಜಾಸ್ತಿ ಹಿಡಿಸುತ್ತದೆ.

ಬೆಲ್ಲದ್ದು ಬೇರೆ ಜಾತಿ. ಸಕ್ಕರೆಯ ಬದಲಿಗೆ ಬೆಲ್ಲ ಎಂದು ಹೊರಟರೆ ನಿರಾಸೆಯೇ: ಬಣ್ಣ ಮಂಕು, ನಿಂಬೆಯ ಘಮ ಅಡಿಗೆ, ಬೆಲ್ಲದ ಸಣ್ಣ ಉಪ್ಪು ಮೇಲಕ್ಕೆ. ಆಲೆಮನೆಯಲ್ಲಿ ಕಬ್ಬಿನ ಹಾಲಿನ ಹುಳಿ ಮುರಿಯಲು ಸುಣ್ಣ ಹಾಕುತ್ತಾರಲ್ಲ, ಅಂಥ ಬೆಲ್ಲಕ್ಕೆ ಅದೇ 15 ಮಿ.ಲೀ. ರಸ ಸಾಲದು, 20 ಹಿಡಿಯಿರಿ. ಬೆಲ್ಲ 30 ಗ್ರಾಂ, ಉಪ್ಪು ಬೇಡವೇ ಬೇಡ. ರಾಮನವಮಿಯ ಪಾನಕಕ್ಕೆ ಏಲಕ್ಕಿ, ಒಣಶುಂಠಿ, ಕಾಳುಮೆಣಸು ಬೀಳುವುದು ಸುಮ್ಮನಲ್ಲ. ಬೆಲ್ಲದ ಭಾರವನ್ನು ಎತ್ತುವುದು ಅವೇ. ಲೀಟರಿಗೆ ನಾಲ್ಕು ಏಲಕ್ಕಿ, ಅರ್ಧ ಟೀ ಚಮಚ ಶುಂಠಿ ಪುಡಿ, ಎಂಟು ಮೆಣಸು ಜಜ್ಜಿ ಹಾಕಿ. ಬೆಲ್ಲ ಕರಗಿದ ಮೇಲೆ ಬಟ್ಟೆಯಲ್ಲಿ ಸೋಸದಿದ್ದರೆ ಮಣ್ಣು, ಕಬ್ಬಿನ ನಾರು ಗಂಟಲಿಗೆ ಸಿಗುತ್ತವೆ. ಮಲೆನಾಡಿನ ಜೋನಿ ಬೆಲ್ಲ ಸಿಕ್ಕರೆ ಕರಗಿಸುವ ಕಷ್ಟವೂ ಇಲ್ಲ.

ಮೂರಕ್ಕೂ ಅಂಟಿದ ಪೀಡೆ ಕಹಿ. ಇಕ್ಕಳದಂಥ ಹಿಂಡುಗದಲ್ಲಿ ಕೊನೆಯ ಹನಿಗೂ ಜಗ್ಗಿದರೆ ಸಿಪ್ಪೆಯ ಎಣ್ಣೆ ಇಳಿಯುತ್ತದೆ. ಬೀಜ ಜಜ್ಜಿ ಹೋಗಿದ್ದರೆ ಅಥವಾ ಬಿಳಿ ತಿರುಳು ಬಿದ್ದಿದ್ದರೆ ಆಗ ಗೊತ್ತಾಗದು. ಹುಳಿಯಲ್ಲಿ ನಿಧಾನಕ್ಕೆ ಲಿಮೊನಿನ್ ಎಂಬ ಕಹಿ ವಸ್ತು ಮೂಡಿ, ರಾತ್ರಿ ಇಟ್ಟ ಜಗ್ ಬೆಳಿಗ್ಗೆ ಬಾಯಿಗಿಡಲಾಗದು. ಮೋಸಂಬಿಯಲ್ಲಿ ಇದು ಇನ್ನೂ ಜೋರು, ಅದನ್ನು ಹಿಂಡಿದ ಕೂಡಲೇ ಕುಡಿಯಬೇಕು. ಹಿತ್ತಾಳೆ, ಅಲ್ಯೂಮಿನಿಯಂ ಪಾತ್ರೆ ಬೇಡ. ಸ್ಟೀಲು, ಗಾಜು ಸರಿ.

ಹಣ್ಣು ಅಗ್ಗವಿದ್ದಾಗ ಶರಬತ್ತು ಮಾಡಿಡುವುದಕ್ಕಿಂತ ರಸವನ್ನು ಬೀಜ ಸೋಸಿ ಐಸ್ ಟ್ರೇಯಲ್ಲಿ ಗಟ್ಟಿ ಮಾಡಿಡುವುದು ಜಾಣತನ. ಟ್ರೇಯ ಒಂದು ಗುಳಿಗೆ 15 ಮಿ.ಲೀ. ಹಿಡಿದರೆ ಲೋಟಕ್ಕೊಂದು ಗಡ್ಡೆ.