ಅಪ್ಪನ ರೋಡ್‌ಕಿಂಗ್, ಆರು ವರ್ಷದ ನಂತರ

ಗಾಡಿ: ಯೆಜ್ಡಿ ರೋಡ್‌ಕಿಂಗ್ ಬೈಕು, 1986ರದ್ದು. ನನ್ನ ಕೈಗೆ ಬಂದದ್ದು 2019ರಲ್ಲಿ. ಅಲ್ಲಿಂದ ಇಲ್ಲಿಗೆ ಹತ್ತಿರ ಹತ್ತಿರ 14 ಸಾವಿರ ಕಿಲೋಮೀಟರ್ ಓಡಿಸಿದ್ದೇನೆ. ಬೋರಿಂಗ್ (ಸವೆದ ಸಿಲಿಂಡರ್ ಕೊರೆಸೋದು), ಬಣ್ಣ, ಪ್ಲೇಟಿಂಗ್ ಬಿಟ್ಟರೆ ಮಿಕ್ಕಿದ್ದೆಲ್ಲ ಮನೆಯ ಹಿತ್ತಲಲ್ಲೇ, ಹಲಸಿನ ಮರದ ಕೆಳಗೆ ಮಾಡಿಕೊಂಡದ್ದು.

ಹಳೇ ಯೆಜ್ಡಿ ತಗೋಬಹುದಾ ಅಂತ ತಿಂಗಳಿಗೊಬ್ಬರಾದರೂ ಕೇಳುತ್ತಾರೆ. ತಗೊಳ್ಳಿ. ಆದರೆ ಬಣ್ಣಕ್ಕೆ ಅಂತ ಎತ್ತಿಟ್ಟ ದುಡ್ಡಲ್ಲಿ ಮೊದಲು ಇಂಜಿನ್ನಿನ ಎರಡು ಆಯಿಲ್ ಸೀಲು (ಆಯಿಲ್, ಗಾಳಿ ನುಗ್ಗದಂತೆ ತಡೆಯುವ ರಬ್ಬರ್ ಬಳೆ) ಬದಲಾಯಿಸಿ, ಮಿಕ್ಕಿದ್ದು ಆಮೇಲೆ. ನಾನು ಇದನ್ನು ಉಲ್ಟಾ ಮಾಡಿದೆ. ಅದರ ಕಥೆಯೇ ಈ ವಿಮರ್ಶೆಯ ಮುಕ್ಕಾಲು ಭಾಗ.

ಅಪ್ಪ ತಿಪಟೂರಿನಲ್ಲಿ ಕೊಬ್ಬರಿ ವ್ಯಾಪಾರ ಮಾಡುತ್ತಿದ್ದರು. ಹಳ್ಳಿ ಹಳ್ಳಿ ತಿರುಗಿದ್ದೆಲ್ಲ ಇದೇ ಗಾಡಿಯಲ್ಲಿ. 2008ರಲ್ಲಿ ಮಂಡಿನೋವು ಜಾಸ್ತಿಯಾಗಿ ಕಿಕ್ ಹೊಡೆಯೋಕೆ ಆಗದೆ ಕೊಟ್ಟಿಗೆಗೆ ತಳ್ಳಿದರು. ಮೇಲೊಂದು ಗೋಣಿತಾಟು, ಅದರ ಮೇಲೆ ತೆಂಗಿನ ಗರಿ. ಹನ್ನೊಂದು ವರ್ಷ ಅಲ್ಲೇ ಇತ್ತು. ಗುಜರಿಯವನು ಎರಡು ಸಲ ಬಂದು ಕೇಳಿದ್ದ, ಅಪ್ಪ ಕೊಡಲಿಲ್ಲ. ಹಾಗಂತ ರಿಪೇರಿಯನ್ನೂ ಮಾಡಿಸಲಿಲ್ಲ.

ನಾನು ಎಳೆದು ಹೊರಗೆ ತಂದಾಗ ಪಿಸ್ಟನ್ ಕಚ್ಚಿಕೊಂಡಿತ್ತು. ಪ್ಲಗ್ ಬಿಚ್ಚಿ ಆ ತೂತಿನಿಂದ ಡೀಸೆಲ್ ಸುರಿದು ನಾಲ್ಕು ದಿನ ಬಿಟ್ಟೆ. ಐದನೇ ದಿನ ಗೇರ್‌ಗೆ ಹಾಕಿ ಹಿಂದಿನ ಚಕ್ರ ಅಲ್ಲಾಡಿಸಿದರೆ ಒಳಗೆ ಏನೋ ಜರುಗಿದ ಹಾಗಾಯಿತು. ಟ್ಯಾಂಕಿನೊಳಗೆ ತುಕ್ಕು ಪದರ ಪದರವಾಗಿ ಕೂತಿತ್ತು. ಒಂದು ಹಿಡಿ ಸಣ್ಣ ಜಲ್ಲಿ, ಅರ್ಧ ಲೀಟರ್ ಸೀಮೆಎಣ್ಣೆ ಹಾಕಿ, ಬಾಯಿ ಬಿಗಿದು, ನಾನೂ ತಮ್ಮನೂ ಸರದಿ ಮೇಲೆ ಕುಲುಕಿದೆವು. ಹೊರಗೆ ಬಂದದ್ದು ಕಾಫಿ ಡಿಕಾಕ್ಷನ್ ಬಣ್ಣದ ನೀರು. ಕಾರ್ಬುರೇಟರ್ ಬಿಚ್ಚಿ ಜೆಟ್ ತೊಳೆದು, ಪಾಯಿಂಟ್‌ಗೆ (ಪ್ಲಗ್ಗಿಗೆ ಕಿಡಿ ಕೊಡಿಸುವ ಪುಟ್ಟ ಸ್ವಿಚ್ಚು) ಸ್ವಲ್ಪ ಎಮರಿ ಕಾಗದ ತೋರಿಸಿ, ಹೊಸ ಪ್ಲಗ್ ಹಾಕಿ ಹೊಡೆದರೆ ಇಪ್ಪತ್ತೊಂದನೇ ಕಿಕ್‌ಗೆ ಎದ್ದು ಕೂತಿತು. ಹಿತ್ತಲು ಪೂರ್ತಿ ಹೊಗೆ. ಅಪ್ಪ ಜಗಲಿಯಿಂದ ಎದ್ದು ಬರಲಿಲ್ಲ, ಆದರೆ ಕೈಯಲ್ಲಿದ್ದ ಪೇಪರ್ ಮಡಿಚಿಟ್ಟರು.

ಆ ಹೊಗೆಯನ್ನು ಅವತ್ತೇ ಸರಿಯಾಗಿ ನೋಡಬೇಕಿತ್ತು. ಟೂ ಸ್ಟ್ರೋಕ್ ಅಂದಮೇಲೆ ಹೊಗೆ ಇದ್ದೇ ಇರುತ್ತೆ ಅಂತ ಬಿಟ್ಟುಬಿಟ್ಟೆ. ಗಾಡಿ ಎದ್ದಿತಲ್ಲ, ಸೀದಾ ಬಣ್ಣಕ್ಕೆ ಕೊಟ್ಟೆ. ಟ್ಯಾಂಕು, ಮಡ್‌ಗಾರ್ಡು, ಟೂಲ್ ಬಾಕ್ಸು ಎಲ್ಲ ಕೆರೆಸಿ ಕೆಂಪು ಬಣ್ಣ, ರಿಮ್ಮಿಗೂ ಸೈಲೆನ್ಸರಿಗೂ ಹೊಸ ಪ್ಲೇಟಿಂಗ್. ಖರ್ಚು 23 ಸಾವಿರ. ಮದುವೆ ಗಂಡಿನ ಹಾಗೆ ಮಿರಿಮಿರಿ ಮಿಂಚಿಕೊಂಡು ಬಂತು. ಟ್ಯಾಂಕಿನ ಹಿಂಬದಿಯಲ್ಲಿ ಅಪ್ಪನ ಬೆಲ್ಟಿನ ಬಕಲ್ ಇಪ್ಪತ್ತು ವರ್ಷ ಉಜ್ಜಿ ಬಣ್ಣ ಹೋಗಿ ತಗಡು ಕಾಣುತ್ತಿದ್ದ ಒಂದು ಜಾಗವಿತ್ತು, ವೀಳ್ಯದೆಲೆಯಷ್ಟಗಲ. ಅದೂ ಹೋಯಿತು. ಈಗ ಆಗಿದ್ದರೆ ಆ ಟ್ಯಾಂಕಿಗೆ ಪಾಲಿಶ್ ಬಿಟ್ಟು ಬೇರೇನೂ ಮುಟ್ಟಿಸುತ್ತಿರಲಿಲ್ಲ.

ಮೊದಲ ವರ್ಷ ಪೂರ್ತಿ ನನಗೂ ಹೊಗೆಗೂ ಜಗಳ. ಪೆಟ್ರೋಲಿಗೆ ಲೀಟರಿಗೆ 40 ಎಂಎಲ್ ಟೂಟಿ ಆಯಿಲ್ (ಟೂ ಸ್ಟ್ರೋಕ್ ಇಂಜಿನ್ ಸವೆಯದಿರಲಿ ಅಂತ ಪೆಟ್ರೋಲಿಗೇ ಬೆರೆಸುವ ಆಯಿಲ್) ಹಾಕುತ್ತಿದ್ದೆ. ಸ್ಕೂಲ್ ಗೇಟಿನೊಳಗೆ ಬಂದರೆ ಮಕ್ಕಳು ಮೂಗು ಮುಚ್ಚಿಕೊಳ್ಳುವಷ್ಟು ಹೊಗೆ. (ನಾನು ಹೈಸ್ಕೂಲ್ ಮೇಷ್ಟ್ರು. ವಿಜ್ಞಾನದ ಮೇಷ್ಟ್ರು ಅನ್ನೋದು ಇನ್ನೂ ನಾಚಿಕೆಗೇಡು.) ಆಯಿಲ್ ಜಾಸ್ತಿಯಾಗಿರಬೇಕು ಅಂತ 30ಕ್ಕೆ ಇಳಿಸಿದೆ. ಹೊಗೆ ಕಮ್ಮಿಯಾಗಲಿಲ್ಲ. 20ಕ್ಕೆ ಇಳಿಸಿದೆ, ಆಗಲೂ ಅಷ್ಟೇ. ಅದೇ ಹೊತ್ತಿಗೆ ಇನ್ನೊಂದು ತರಲೆ ಶುರುವಾಯಿತು: ಹತ್ತು ಕಿಲೋಮೀಟರ್ ಓಡಿ ಬಿಸಿಯಾದ ಮೇಲೆ ಆಕ್ಸಿಲರೇಟರ್ ಬಿಟ್ಟರೂ ಇಂಜಿನ್ ಇಳಿಯುತ್ತಿರಲಿಲ್ಲ, ತಾನಾಗಿ ಏರುತ್ತಿತ್ತು. ಕೇಬಲ್ ಹಿಡಿದುಕೊಂಡಿರಬೇಕು ಅಂತ ಹೊಸ ಕೇಬಲ್ ಹಾಕಿದೆ. ಕಾರ್ಬುರೇಟರ್ ಸ್ಕ್ರೂ ತಿರುಗಿಸಿ ತಿರುಗಿಸಿ ಅದರ ತಲೆ ಸವೆಸಿದೆ.

2020ರ ಬೇಸಿಗೆ ಬರೀ ಮನೆಯೊಳಗೇ ಹೋಯಿತು. 2021ರ ಫೆಬ್ರವರಿಯಲ್ಲಿ ಚಿಕ್ಕಮಗಳೂರಿಗೆ ಹೊರಟೆ. ಅರಸೀಕೆರೆ ದಾಟಿ, ಬಾಣಾವರವೂ ಹಿಂದೆ ಬಿದ್ದು, ಕಡೂರಿನ ಕಡೆಗೆ ನೇರ ರಸ್ತೆ. ಎಪ್ಪತ್ತರ ಹತ್ತಿರ ಹೋಗುತ್ತಿದ್ದೆ. ಇಂಜಿನ್ ಸದ್ದು ಇದ್ದಕ್ಕಿದ್ದಂತೆ ಬಿಗಿಯಾಯಿತು, ಯಾರೋ ಹಿಂದಿನಿಂದ ಕಾಲರ್ ಹಿಡಿದು ಎಳೆದ ಹಾಗೆ, ಹಿಂದಿನ ಚಕ್ರ ಕಿರ್ರ್ ಅಂತ ಉಜ್ಜಿತು. ಕ್ಲಚ್ ಹಿಡಿದದ್ದಕ್ಕೆ ಬದುಕಿದೆ. ಗಾಡಿ ಹಿಡ್ಕೊಂಡಿತ್ತು, ಅಂದರೆ ಪಿಸ್ಟನ್ ಕಾದು ಸಿಲಿಂಡರಿನೊಳಗೆ ಕಚ್ಚಿಕೊಂಡಿತ್ತು. ಹುಣಸೆ ಮರದ ಕೆಳಗೆ ಮುಕ್ಕಾಲು ಗಂಟೆ ಕೂತು ತಣ್ಣಗಾದ ಮೇಲೆ ಕಿಕ್ ಹೊಡೆದರೆ ಎದ್ದಿತು, ಆದರೆ ಒಳಗೆ ಕಲ್ಲು ಹಾಕಿ ಕುಲುಕಿದ ಸದ್ದು. ಮೂವತ್ತರಲ್ಲಿ ಉರುಳಿಸಿಕೊಂಡು ವಾಪಸು ಬಂದೆ.

ಸಿಲಿಂಡರ್ ಬಿಚ್ಚಿದರೆ ಪಿಸ್ಟನ್ ಬದಿಯಲ್ಲಿ ಉದ್ದುದ್ದ ಗೀರು. ಹೊಸ ಓವರ್‌ಸೈಜ್ ಪಿಸ್ಟನ್ ತಂದು ಸಿಲಿಂಡರ್ ಜೊತೆ ಬೋರಿಂಗ್‌ಗೆ ಕೊಟ್ಟೆ. ಇಲ್ಲೊಂದು ಮಾತು: ಸಿಲಿಂಡರ್ ಒಂದನ್ನೇ ಕೊಟ್ಟು ಬರಬೇಡಿ, ಹಾಕುವ ಪಿಸ್ಟನ್ ಅನ್ನೂ ಕೈಗೆ ಕೊಡಿ. ಆ ಪಿಸ್ಟನ್ ಅಳೆದೇ ಬೋರ್ ಕೊರೆಯಬೇಕು, ಡಬ್ಬದ ಮೇಲೆ ಬರೆದ ಸೈಜನ್ನು ನಂಬಬಾರದು. ಎಲ್ಲ ಕೂಡಿಸಿದೆ. ಎದ್ದಿತು. ಹೊಗೆ? ಹಾಗೇ ಇತ್ತು.

ಕೊನೆಗೆ ಅಪ್ಪನ ಕಾಲದ ಮೆಕ್ಯಾನಿಕ್ ಒಬ್ಬರನ್ನು ಹುಡುಕಿಕೊಂಡು ಹೋದೆ. ಗ್ಯಾರೇಜ್ ಮಗನಿಗೆ ಬಿಟ್ಟು ಮನೆಯಲ್ಲಿದ್ದರು. ಗಾಡಿಯನ್ನು ಮುಟ್ಟಲೂ ಇಲ್ಲ. ಬಾಗಿಲಲ್ಲೇ ನಿಂತು ಕೇಳಿದರು:

"ಮೇಷ್ಟ್ರೇ, ಗೇರ್ ಆಯಿಲ್ ಎಷ್ಟು ಹಾಕಿದೀರಿ?"

"ಒಂದು ಲೀಟರ್ ಭಾಯ್. ಬಣ್ಣಕ್ಕೆ ಕೊಡೋಕೆ ಮುಂಚೆ."

"ಕೆಳಗಡೆ ಬೋಲ್ಟ್ ಬಿಚ್ಚಿ. ಎಷ್ಟು ಬರುತ್ತೆ ನೋಡಿ."

ಅವರ ಮನೆಯ ಪ್ಲಾಸ್ಟಿಕ್ ಟಬ್ಬಿಗೆ ಇಳಿಸಿ ಅಳೆದೆವು. ಅರ್ಧ ಲೀಟರೂ ಇರಲಿಲ್ಲ. ಕೆಳಗೆ ಒಂದು ಹನಿ ಸೋರಿರಲಿಲ್ಲ, ಹಾಗಾದರೆ ಎಲ್ಲಿ ಹೋಯಿತು? "ಸುಟ್ಟುಹೋಯ್ತು. ನೀವು ಟೂಟಿ ಕಮ್ಮಿ ಮಾಡಿದ್ರಿ, ಅದು ಗೇರ್ ಆಯಿಲ್ ಕುಡೀತಾ ಇತ್ತು" ಅಂತ ನಕ್ಕರು.

ವಿಷಯ ಇಷ್ಟೇ. ಈ ಇಂಜಿನ್ನಿನಲ್ಲಿ ಕ್ರ್ಯಾಂಕ್ (ಪಿಸ್ಟನ್ ಕೆಳಗೆ ತಿರುಗುವ ದಂಡ) ಇರುವ ಕೋಣೆ ಗಾಳಿಯಾಡದಂತೆ ಬಿಗಿಯಾಗಿರಬೇಕು, ಯಾಕೆಂದರೆ ಪೆಟ್ರೋಲ್ ಮತ್ತು ಗಾಳಿಯನ್ನು ಒಳಗೆಳೆದು ಮೇಲಕ್ಕೆ ತಳ್ಳುವ ಪಂಪೇ ಆ ಕೋಣೆ. ಕ್ರ್ಯಾಂಕಿನ ಎಡಗಡೆ ಕ್ಲಚ್ಚು, ಪ್ರೈಮರಿ ಚೈನು, ಗೇರ್ ಆಯಿಲ್. ಬಲಗಡೆ ಪಾಯಿಂಟು, ಆ ಕಡೆ ಬರೀ ಗಾಳಿ. ಎರಡೂ ಕಡೆ ಒಂದೊಂದು ರಬ್ಬರ್ ಸೀಲು. ಹನ್ನೊಂದು ವರ್ಷ ಕೊಟ್ಟಿಗೆಯಲ್ಲಿ ಒಣಗಿ ಎರಡೂ ಗಟ್ಟಿಯಾಗಿದ್ದವು. ಎಡಗಡೆ ಸೀಲು ಗೇರ್ ಆಯಿಲ್ ಎಳೆದು ಸುಡುತ್ತಿತ್ತು, ಅದು ಹೊಗೆ. ಬಲಗಡೆ ಸೀಲು ಬಿಟ್ಟಿ ಗಾಳಿ ಎಳೆಯುತ್ತಿತ್ತು, ಅದಕ್ಕೇ ಬಿಸಿಯಾದಾಗ ಇಂಜಿನ್ ತಾನಾಗಿ ಏರುತ್ತಿದ್ದದ್ದು. ಗಾಳಿ ಜಾಸ್ತಿಯಾದರೆ ಪೆಟ್ರೋಲ್ ತೆಳುವಾಗಿ ಪಿಸ್ಟನ್ ಕಾದುಹೋಗುತ್ತೆ. ಅದರ ಮೇಲೆ ನಾನು ಬುದ್ಧಿವಂತನ ಹಾಗೆ ಟೂಟಿಯನ್ನೂ ಅರ್ಧ ಮಾಡಿದ್ದೆ. ಎರಡು ಸೀಲಿಗೆ ಕೊಟ್ಟದ್ದು 400 ರೂಪಾಯಿಯೊಳಗೆ. ಅದನ್ನು ಗೊತ್ತುಮಾಡಿಕೊಳ್ಳೋಕೆ ಮುಂಚೆ ಕಳೆದದ್ದು ಬಣ್ಣವೂ ಸೇರಿ ನಲವತ್ತು ಸಾವಿರದ ಹತ್ತಿರ.

ಸೀಲು ಹಾಕುವ ಕೆಲಸ ಮನೆಯಲ್ಲೇ ಆಗುತ್ತೆ, ಆದರೆ ಸುತ್ತಿಗೆಯಲ್ಲಿ ಅಲ್ಲ. ಎಡಗಡೆ ಕ್ರ್ಯಾಂಕಿನ ಸ್ಪ್ರಾಕೆಟ್ ಬಿಗಿಯಾಗಿ ಕೂತಿರುತ್ತೆ, ಅದಕ್ಕೆ ಪುಲ್ಲರ್ (ಹಿಡಿದು ಹೊರಗೆಳೆಯುವ ಉಪಕರಣ) ಬೇಕೇ ಬೇಕು. ಲೇತ್‌ನವನ ಹತ್ತಿರ ಒಂದು ಮಾಡಿಸಿಟ್ಟುಕೊಳ್ಳಿ, ಜೀವಮಾನಕ್ಕಾಗುತ್ತೆ. ಹಳೇ ಸೀಲಿನ ಮೇಲೆ ಸೈಜ್ ಅಚ್ಚಾಗಿರುತ್ತೆ, ಅದನ್ನು ಹಿಡಿದು ಬೇರಿಂಗ್ ಅಂಗಡಿಗೆ ಹೋಗಿ, ವೈಟನ್ ರಬ್ಬರಿನದು ಸಿಕ್ಕರೆ ಅದನ್ನೇ ತನ್ನಿ. ಈಗಿನ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತರಷ್ಟು ಎಥೆನಾಲ್ ಇರುತ್ತೆ. ಹಳೇ ಕಾಲದ ರಬ್ಬರ್ ಅದನ್ನು ತಾಳಲ್ಲ. ನನ್ನ ಪೆಟ್ರೋಲ್ ಕಾಕಿನ (ಟ್ಯಾಂಕಿನ ಕೆಳಗಿನ ನಲ್ಲಿ) ವಾಷರ್ ಎರಡೇ ವರ್ಷದಲ್ಲಿ ಉಬ್ಬಿ ಹಾಳಾಯಿತು.

ಎಥೆನಾಲ್ ನೀರನ್ನೂ ಎಳೆದುಕೊಳ್ಳುತ್ತೆ. ಹಾಗಾಗಿ ಹದಿನೈದು ದಿನ ಗಾಡಿ ತೆಗೆಯಲ್ಲ ಅಂತ ಗೊತ್ತಿದ್ದರೆ ಕಾಕ್ ಮುಚ್ಚಿ ಕಾರ್ಬುರೇಟರ್ ಬಟ್ಟಲು ಖಾಲಿ ಮಾಡುತ್ತೇನೆ. ಕಾಕ್ ಮುಚ್ಚುವುದು ದಿನಾ ಮಾಡಬೇಕಾದ ಕೆಲಸವೇ. ಮರೆತರೆ ಬೆಳಗ್ಗೆ ಪೆಟ್ರೋಲ್ ಒಳಗಿಳಿದು ಪ್ಲಗ್ ಒದ್ದೆ. ರಾತ್ರಿ ನಿಂತ ಗಾಡಿಯನ್ನು ಬೆಳಗ್ಗೆ ಒಂದು ಸಲ ಅತ್ತಿತ್ತ ಅಲ್ಲಾಡಿಸಿ ಆಮೇಲೆ ಕಾಕ್ ತೆಗೆಯಿರಿ, ಕೆಳಗೆ ಕೂತ ಆಯಿಲ್ ಬೆರೆಯುತ್ತೆ. ಮೊದಲು ಬಂಕಿನಲ್ಲೇ ಟೂಟಿ ಬೆರೆಸಿ ಕೊಡುತ್ತಿದ್ದರು, ಈಗ ಕೇಳಿದರೆ ಹುಡುಗರು ಮುಖ ನೋಡುತ್ತಾರೆ. ಸೀಟಿನ ಕೆಳಗೆ ಒಂದು ಬಾಟಲಿ, ಒಂದು ಕೆಮ್ಮಿನ ಔಷಧದ ಅಳತೆ ಮುಚ್ಚಳ ಇಟ್ಟುಕೊಂಡಿದ್ದೇನೆ. ಈಗ ಮತ್ತೆ ಲೀಟರಿಗೆ 40ಕ್ಕೇ ಬಂದಿದ್ದೇನೆ. ಹೊಗೆ ತೆಳ್ಳಗೆ ನೀಲಿ, ಗಾಡಿ ಬಿಸಿಯಾದ ಮೇಲೆ ಅದೂ ಕಾಣಲ್ಲ.

ಮಿಕ್ಕಿದ್ದು ಸುಲಭ. ಪಾಯಿಂಟ್ ಗ್ಯಾಪ್ 0.4 ಮಿಲಿಮೀಟರ್, ಪ್ಲಗ್ ಗ್ಯಾಪ್ 0.6. ಸಂದು ಅಳೆಯುವ ಫೀಲರ್ ಗೇಜ್ ಒಂದಿದ್ದರೆ ಸಾಕು. ಎರಡು ಸಾವಿರ ಕಿಲೋಮೀಟರಿಗೊಮ್ಮೆ ಗೇರ್ ಆಯಿಲ್ ಇಳಿಸಿ ಅಳೆದು ಬರೆದಿಡುತ್ತೇನೆ. ಕಳೆದ ಸಲ ಹಾಕಿದ ಒಂದು ಲೀಟರಿನಲ್ಲಿ 960 ಎಂಎಲ್ ಬಂತು. ಬೇರೆ ಯಾವ ಪರೀಕ್ಷೆಗಿಂತ ನನಗೆ ಈ ಅಂಕಿಯೇ ಮುಖ್ಯ.

ಬಿಡಿಭಾಗದ ಬಗ್ಗೆ ಭಯ ಬೇಡ, ಎಚ್ಚರ ಬೇಕು. ಮೈಸೂರು ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಮುಚ್ಚಿತು. ಆದರೂ ಮೈಸೂರಿನಲ್ಲಿ, ಬೆಂಗಳೂರಿನ ಜೆಸಿ ರಸ್ತೆಯಲ್ಲಿ ಕೇಳಿದರೆ ಬೇಕಾದ್ದು ಸಿಗುತ್ತೆ. ಹೊಸದಾಗಿ ಮಾಡಿದ ಮಾಲಿನಲ್ಲಿ ಕ್ಲಚ್ ಪ್ಲೇಟು, ಕೇಬಲ್ಲು, ರಬ್ಬರುಗಳು ಪರವಾಗಿಲ್ಲ. ಪಾಯಿಂಟ್ ಸೆಟ್ ಮಾತ್ರ ನಾನು ತಂದ ಮೂರರಲ್ಲಿ ಎರಡು ಬೇಗ ಸವೆದವು. ಹಳೇ ಸ್ಟಾಕಿನದು ಸಿಕ್ಕರೆ ಎರಡು ಪಟ್ಟು ಬೆಲೆಯಾದರೂ ತಂದಿಟ್ಟುಕೊಳ್ಳಿ. 2022ರಲ್ಲಿ ಬಂದ ಹೊಸ ಯೆಜ್ಡಿಯ ಷೋರೂಮಿಗೆ ಹೋಗಿ ಕೇಳಬೇಡಿ, ನಾನು ಕೇಳಿ ಪೆಚ್ಚಾಗಿದ್ದೇನೆ. ಅದು 334 ಸಿಸಿ ಫೋರ್ ಸ್ಟ್ರೋಕ್, ಹೆಸರಷ್ಟೇ ನಮ್ಮದು.

ಕಾಗದಪತ್ರ: ನನ್ನದು ಕೆಎ ಬರೋದಕ್ಕೆ ಮುಂಚಿನ ನಂಬರು, ಪುಸ್ತಕದ ಆರ್‌ಸಿ. ಮೊದಲು ಅದನ್ನು ಕಂಪ್ಯೂಟರಿಗೆ ಹತ್ತಿಸಬೇಕು, ಆಮೇಲೆ ಐದು ವರ್ಷಕ್ಕೊಮ್ಮೆ ನವೀಕರಣ, ಹಸಿರು ತೆರಿಗೆ. ವಿಂಟೇಜ್ ಅಂತ ನೋಂದಾಯಿಸಬಹುದಲ್ಲ ಅಂತ ಕೇಳುವವರಿಗೆ: 2021ರ ನಿಯಮದ ಪ್ರಕಾರ ಅದಕ್ಕೆ ಐವತ್ತು ವರ್ಷ ತುಂಬಿರಬೇಕು, ನೋಂದಣಿ ಶುಲ್ಕವೇ 20 ಸಾವಿರ, ಮೇಲಾಗಿ ದಿನಬಳಕೆಗೆ ಓಡಿಸುವ ಹಾಗಿಲ್ಲ. ನನ್ನ ಗಾಡಿಗೆ ಇನ್ನೂ ಆ ವಯಸ್ಸಾಗಿಲ್ಲ. ಆದರೂ ನಾನು ಆ ಕಡೆ ಹೋಗಲ್ಲ, ಸ್ಕೂಲಿಗೆ ಯಾವುದರಲ್ಲಿ ಹೋಗಲಿ?

ಇಷ್ಟವಾಗದ್ದೂ ಇದೆ. ಹಿಂದೆ ಮುಂದೆ ಎರಡೂ ಡ್ರಮ್ ಬ್ರೇಕು. ಈಗಿನ ಗಾಡಿಗಳು ನಿಂತಷ್ಟು ಬೇಗ ಇದು ನಿಲ್ಲಲ್ಲ, ಲಾರಿ ಹಿಂದೆ ಹೋಗುವಾಗ ಒಂದು ಲಾರಿಯಷ್ಟು ಜಾಗ ಬಿಟ್ಟೇ ಹೋಗಬೇಕು. ರಾತ್ರಿ ಹೆಡ್‌ಲೈಟು ದೀಪಾವಳಿ ಹಣತೆ. ಮೈಲೇಜು ನನಗೆ ಮೂವತ್ತು ದಾಟಿಲ್ಲ. ಕಿಕ್ಕರ್ರೂ ಗೇರ್ ಲಿವರ್ರೂ ಒಂದೇ ಆದ್ದರಿಂದ ಬೇರೆಯವರಿಗೆ ಓಡಿಸೋಕೆ ಕೊಟ್ಟರೆ ಹತ್ತು ನಿಮಿಷ ಪಾಠ ಮಾಡಬೇಕು: ಒಳಗೆ ಒತ್ತಿ, ಮೇಲಕ್ಕೆ ತಿರುಗಿಸಿ, ಹೊಡೆದು, ಮತ್ತೆ ಕೆಳಗೆ ತನ್ನಿ. ಮರೆತವರ ಕೈಯಲ್ಲಿ ಅದು ನಿಂತಲ್ಲೇ ಗುರುಗುಡುತ್ತೆ.

ಅದೇ ಲಿವರಿನಿಂದಲೇ ಇರುವ ಒಂದು ಸುಖ ಮಾತ್ರ ಬೇರೆ ಯಾವ ಗಾಡಿಯಲ್ಲೂ ನನಗೆ ಸಿಕ್ಕಿಲ್ಲ. ಗೇರ್ ಒತ್ತಿದರೆ ಕ್ಲಚ್ ತಾನೇ ಬಿಡುತ್ತೆ. ಹೊರಟ ಮೇಲೆ ಎಡಗೈಗೆ ಕೆಲಸವೇ ಇಲ್ಲ. ಅಪ್ಪ ಎಡಗೈಯಲ್ಲಿ ಕೊಬ್ಬರಿ ಲೆಕ್ಕದ ಚೀಟಿ ಹಿಡಿದುಕೊಂಡೇ ಗೇರ್ ಬದಲಾಯಿಸುತ್ತಿದ್ದದ್ದು ಹೇಗೆ ಅಂತ ನನಗೆ ಈಗ ಗೊತ್ತಾಗಿದೆ. ಮಕ್ಕಳೆದುರು ಮಾಡಬೇಡಿ.

ಸದ್ಯಕ್ಕೆ ಬಾಕಿ ಇರುವ ಕೆಲಸ ಒಂದು. ಎರಡೂ ಸೈಲೆನ್ಸರಿನ ಬ್ಯಾಫಲ್‌ಗಳಲ್ಲಿ (ಸದ್ದು ತಗ್ಗಿಸುವ ಒಳಕೊಳವೆ) ಮಸಿ ಕಟ್ಟಿದೆ, ಎಳೆತ ಕಮ್ಮಿಯಾಗಿದೆ. ಹೊರಗೆಳೆದು ಕೆಂಡದಲ್ಲಿ ಸುಟ್ಟು ಉಜ್ಜಬೇಕು. ಹೋದ ಸಲ ಹಂಡೆ ಒಲೆಗೆ ಹಾಕಿದ್ದಕ್ಕೆ ಸ್ನಾನದ ಮನೆಯೆಲ್ಲ ಟೂಟಿ ವಾಸನೆ, ಎರಡು ದಿನ ಅಮ್ಮ ಮಾತಾಡಲಿಲ್ಲ. ಈ ಭಾನುವಾರಕ್ಕೆ ಮೂರು ಇಟ್ಟಿಗೆ, ಒಂದು ಮೂಟೆ ತೆಂಗಿನ ಚಿಪ್ಪು ಹಿತ್ತಲಲ್ಲಿ ಜೋಡಿಸಿಟ್ಟಿದ್ದೇನೆ.