ಟಬ್, ಟ್ರೇ, ಚೀಲ: ಎರೆಹುಳುಗಳನ್ನು ಮೂರರಲ್ಲೂ ಸಾಕಿದ ಮೇಲೆ

ಮನೆಯಲ್ಲಿ ಎರೆಗೊಬ್ಬರ ಮಾಡಲು ಯಾವ ಡಬ್ಬ ಒಳ್ಳೇದು ಅಂತ ಕೇಳುವವರೆಲ್ಲ ಮೊದಲು ಕೇಳುವುದು ಒಂದೇ ಪ್ರಶ್ನೆ, ಯಾವುದರಲ್ಲಿ ಬೇಗ ಆಗುತ್ತೆ? ಮೂರು ಥರದ್ದನ್ನೂ ಬಳಸಿದ್ದೇನೆ, ವೇಗದಲ್ಲಿ ನನಗೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಕತ್ತಲು, ತೇವ, ಗಾಳಿ ಇದ್ದರೆ ಹುಳು ಎಲ್ಲಿದ್ದರೂ ತಿನ್ನುತ್ತೆ. ಡಬ್ಬದ ವ್ಯತ್ಯಾಸ ನಮಗೆ ಗೊತ್ತಾಗುವುದು ಎರಡೇ ಕಡೆ. ಒಂದು, ಜಾಸ್ತಿಯಾದ ನೀರು ಎಲ್ಲಿಗೆ ಹೋಗುತ್ತೆ. ಇನ್ನೊಂದು, ಗೊಬ್ಬರ ತೆಗೆಯುವ ದಿನ ಹುಳುಗಳನ್ನು ಅದರಿಂದ ಹೇಗೆ ಬಿಡಿಸುತ್ತೀರಿ.

ಮೂರರಲ್ಲೂ ಇದ್ದದ್ದು ಒಂದೇ ಜಾತಿ, ಐಸೀನಿಯಾ ಫೆಟಿಡಾ, ಅಂದರೆ ಎಲ್ಲರೂ ಹೇಳುವ ಕೆಂಪು ಎರೆಹುಳು. (ತೋಟದ ಮಣ್ಣು ಅಗೆದಾಗ ಸಿಗುವ ದಪ್ಪ ಹುಳು ತಂದು ಹಾಕಬೇಡಿ. ಅದು ಮಣ್ಣಿನಾಳಕ್ಕೆ ಇಳಿಯುವ ಜಾತಿ, ಡಬ್ಬದಲ್ಲಿ ಬದುಕಲ್ಲ.) ಹಾಸಿಗೆಯೂ ಒಂದೇ: ಹರಿದ ರಟ್ಟು, ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಕೈಯಲ್ಲಿ ಹಿಂಡಿದರೆ ಒಂದೆರಡು ಹನಿ ಬೀಳುವಷ್ಟು ತೇವ. ಆದರೂ ಪೂರ್ತಿ ನ್ಯಾಯದ ಪಂದ್ಯ ಅಲ್ಲ. ಟಬ್ ಮೊದಲು ಶುರುವಾಯಿತು, ಅದರ ಮರಿಗಳನ್ನೇ ಉಳಿದೆರಡಕ್ಕೆ ಹಂಚಿದೆ. ಹಾಗಾಗಿ ನನ್ನ ಹೊಸಬತನದ ತಪ್ಪುಗಳ ಏಟು ಹೆಚ್ಚಾಗಿ ಬಿದ್ದದ್ದು ಟಬ್‌ಗೆ.

ಟಬ್ ಅಂದರೆ ಮುಚ್ಚಳ ಇರುವ ಸಾದಾ ಪ್ಲಾಸ್ಟಿಕ್ ಡಬ್ಬ, ಸುಮಾರು 40 ಲೀಟರಿನದು. ಪಕ್ಕಕ್ಕೂ ಮುಚ್ಚಳಕ್ಕೂ ತೂತು ಕೊರೆದೆ, ತಳಕ್ಕೆ ಕೊರೆಯಲಿಲ್ಲ. ನೆಲ ಗಲೀಜಾಗುತ್ತೆ ಅಂತ ಭಯ. ಹಣ್ಣು ತರಕಾರಿ ಸಿಪ್ಪೆಯಲ್ಲಿ ಮುಕ್ಕಾಲಿಗಿಂತ ಹೆಚ್ಚು ನೀರೇ ಇರುತ್ತೆ, ಪ್ಲಾಸ್ಟಿಕ್ ಅದನ್ನು ಹೀರಲ್ಲ, ಹೊರಗೂ ಬಿಡಲ್ಲ. ಐದನೇ ವಾರದಲ್ಲಿ ಕೈ ಹಾಕಿದರೆ ತಳದಲ್ಲಿ ಕಪ್ಪು ಕೆಸರು, ಹುಳಿ ಹುಳಿ ನಾತ, ಹುಳುಗಳೆಲ್ಲ ಮುಚ್ಚಳದ ಒಳಗೆ ಅಂಟಿಕೊಂಡಿದ್ದವು. ಹುಳು ಉಸಿರಾಡುವುದು ಚರ್ಮದಿಂದ. ಚರ್ಮ ತೇವವಾಗಿರಬೇಕು ನಿಜ, ಆದರೆ ಗಾಳಿಯೇ ಇಲ್ಲದ ನೀರಲ್ಲಿ ಹುಳು ಉಳಿಯಲ್ಲ. ಒಣ ರಟ್ಟು ಚೂರು ಮಾಡಿ ಧಾರಾಳವಾಗಿ ಬೆರೆಸಿದೆ, ಮುಚ್ಚಳ ತೆಗೆದಿಟ್ಟು ಮೇಲೆ ರಾತ್ರಿಯೆಲ್ಲ ದೀಪ ಹಾಕಿದೆ. ಬೆಳಕಿಗೆ ಹೆದರಿ ಅವು ಒಳಗೇ ಇದ್ದವು, ಒಂದು ವಾರದಲ್ಲಿ ಸರಿಹೋಯಿತು. ಆಮೇಲೆ ತಳಕ್ಕೂ ತೂತು ಕೊರೆದು ಕೆಳಗೆ ಇನ್ನೊಂದು ಡಬ್ಬ ಇಟ್ಟೆ. ಅಲ್ಲಿಂದ ಈಚೆಗೆ ಟಬ್ ತಕರಾರು ಮಾಡಿಲ್ಲ.

ಟಬ್‌ನ ನಿಜವಾದ ಕಷ್ಟ ಗೊಬ್ಬರ ತೆಗೆಯುವ ದಿನ. ಎಲ್ಲವನ್ನೂ ಪ್ಲಾಸ್ಟಿಕ್ ಹಾಳೆ ಮೇಲೆ ಸುರಿದು, ಸಣ್ಣ ಸಣ್ಣ ಗುಡ್ಡೆ ಮಾಡಿ, ಮೇಲಿಂದ ಜೋರಾಗಿ ಬೆಳಕು ಬಿಟ್ಟು ಹತ್ತು ನಿಮಿಷ ಕಾಯಬೇಕು. ಹುಳು ಕೆಳಗೆ ಇಳಿಯುತ್ತೆ, ಮೇಲಿನದನ್ನು ಕೆರೆದುಕೊಳ್ಳಬೇಕು, ಮತ್ತೆ ಹತ್ತು ನಿಮಿಷ. ನನಗೆ ಒಂದು ಮಧ್ಯಾಹ್ನ ಪೂರ್ತಿ ಹಿಡಿಯಿತು, ಬೆನ್ನು ಹಿಡಿದದ್ದು ಬೇರೆ. ಮೊಟ್ಟೆಕೋಶಗಳಂತೂ ಗೊಬ್ಬರದ ಜೊತೆಗೇ ಹೋಗುತ್ತವೆ. ನಿಂಬೆಹಣ್ಣಿನ ಆಕಾರ, ಸಾಸಿವೆ ಕಾಳಿಗಿಂತ ಸ್ವಲ್ಪ ದೊಡ್ಡದು, ಒಂದೊಂದರಿಂದಲೂ ಎರಡು ಮೂರು ಮರಿ ಬರಬಹುದು, ಬಿಡಲು ಮನಸ್ಸಾಗಲ್ಲ. ಈಗ ಬೇರೆ ಉಪಾಯ ಮಾಡುತ್ತೇನೆ. ಮೂರು ನಾಲ್ಕು ವಾರ ಡಬ್ಬದ ಒಂದೇ ಬದಿಗೆ ಸಿಪ್ಪೆ ಹಾಕುತ್ತೇನೆ, ಹುಳುಗಳು ಆ ಕಡೆ ಸರಿಯುತ್ತವೆ, ಖಾಲಿಯಾದ ಬದಿಯಿಂದ ಗೊಬ್ಬರ ತೆಗೆಯುತ್ತೇನೆ. ಎಲ್ಲ ಹುಳುಗಳೂ ಸರಿದು ಹೋಗಲ್ಲ, ಆದರೆ ಬೆನ್ನು ಉಳಿಯುತ್ತೆ.

ಟ್ರೇ ಮೇಲೆ ನನಗೆ ತುಂಬಾ ಆಸೆ ಇತ್ತು. ನೋಡಲು ಚೆಂದ. ಒಂದರ ಮೇಲೊಂದು, ತಳದಲ್ಲಿ ತೂತುಗಳಿರುವ ನಾಲ್ಕು ಟ್ರೇ, ಕೆಳಗೆ ನೀರು ಸೇರುವ ತೊಟ್ಟಿ, ಅದಕ್ಕೊಂದು ನಲ್ಲಿ. ಮೇಲಿನ ಟ್ರೇಗೆ ಹೊಸ ಸಿಪ್ಪೆ ಹಾಕಿದರೆ ಹುಳುಗಳು ತಾವೇ ಹತ್ತಿ ಹೋಗುತ್ತವೆ, ಕೆಳಗಿನದು ಹುಳು ಇಲ್ಲದ ಗೊಬ್ಬರ, ಸುಮ್ನೆ ಸುರಿದುಕೊಳ್ಳಿ ಅಂತ ಮಾತು. ನಾನು ಹಾಕಿ ಎರಡು ತಿಂಗಳು ಕಾದೆ, ಒಂದೂ ಹತ್ತಲಿಲ್ಲ. ತಪ್ಪು ನನ್ನದೇ. ಕೆಳಗಿನ ಟ್ರೇ ತುಂಬದೇ ಮೇಲಿನದನ್ನು ಇಟ್ಟಿದ್ದೆ, ಮಧ್ಯೆ ನಾಲ್ಕು ಬೆರಳು ಖಾಲಿ ಜಾಗ, ಹುಳು ಏನು ಹಾರುತ್ತಾ? ಮೇಲಿನ ಟ್ರೇ ತಳ ಕೆಳಗಿನ ಗೊಬ್ಬರಕ್ಕೆ ತಾಗಲೇಬೇಕು. ಅದನ್ನು ಸರಿ ಮಾಡಿದ ಮೇಲೆ ಹತ್ತಿದವು, ಆದರೂ ಎಲ್ಲವೂ ಅಲ್ಲ. ಕೆಳಗೆ ಅರೆಕೊಳೆತ ಸಿಪ್ಪೆ ಸ್ವಲ್ಪ ಉಳಿದಿದ್ದರೂ ಸಾಕು, ಸೋಮಾರಿಗಳು ಅಲ್ಲೇ ಕೂರುತ್ತವೆ. ಕೊನೆಗೆ ಅದೇ ದೀಪ, ಅದೇ ಗುಡ್ಡೆ, ಅಳತೆ ಮಾತ್ರ ಸಣ್ಣದು.

ಕೆಳಗಿನ ತೊಟ್ಟಿ ಇನ್ನೊಂದು ಗೋಳು. ದಾರಿ ತಪ್ಪಿ ಇಳಿದ ಹುಳುಗಳು ಅದರಲ್ಲಿ ಮುಳುಗಿ ಸಾಯುತ್ತಿದ್ದವು. ರಟ್ಟನ್ನು ಮಡಚಿ ಏಣಿಯ ಹಾಗೆ ನಿಲ್ಲಿಸಿದ ಮೇಲೆ ಕಡಿಮೆಯಾಯಿತು. ನಲ್ಲಿಯಿಂದ ಬರುವ ಕಂದು ನೀರನ್ನು ಅಮೃತ ಅನ್ನುವ ಹಾಗೆ ಹೊಗಳುತ್ತಾರೆ. ಅದು ಅರ್ಧ ಕೊಳೆತ ಸಿಪ್ಪೆಯ ಮೂಲಕ ಸೋರಿದ ನೀರು, ಅಷ್ಟೇ. ನಾನು ಹತ್ತು ಪಾಲು ನೀರು ಬೆರೆಸಿ ಹೂಗಿಡಕ್ಕೆ ಮಾತ್ರ ಹಾಕುತ್ತಿದ್ದೆ, ಹಸಿಯಾಗಿ ತಿನ್ನುವ ಸೊಪ್ಪಿಗೆ ಹಾಕುವ ಧೈರ್ಯ ಬರಲಿಲ್ಲ. ಟ್ರೇಯಲ್ಲಿ ಒಳ್ಳೇದೂ ಇದೆ: ಒಂದೊಂದಾಗಿ ಎತ್ತಿ ಒಳಗೆ ಏನು ನಡೆಯುತ್ತಿದೆ ಅಂತ ನೋಡಬಹುದು, ಭಾರ ಇರಲ್ಲ. ಮನೆಯಲ್ಲಿ ಮಕ್ಕಳಿದ್ದರೆ ಇದೇ ಇಷ್ಟವಾಗಬಹುದು.

ಚೀಲ ಕಡೆಗೆ ಬಂತು. ಗಟ್ಟಿ ಬಟ್ಟೆಯ ಆಲಿಕೆ ಆಕಾರದ ಚೀಲ, ಕಬ್ಬಿಣದ ಚೌಕಟ್ಟಿಗೆ ನೇತುಹಾಕಿದ್ದು, ತಳದ ಬಾಯಿಗೆ ದಾರ. ಮೇಲಿಂದ ಸಿಪ್ಪೆ, ಕೆಳಗಿಂದ ಗೊಬ್ಬರ. ಸುತ್ತಲೂ ಗಾಳಿ ಆಡುವುದರಿಂದ ನಾನು ಆಸೆಬುರುಕನ ಹಾಗೆ ಸಿಪ್ಪೆ ತುಂಬಿದಾಗಲೂ ನಾತ ಬರಲಿಲ್ಲ. ಬದಲಿಗೆ ಅಂಚು ಒಣಗಿ ಹೆಕ್ಕಳೆ ಕಟ್ಟುತ್ತೆ. ಟಬ್‌ಗೆ ಎಂದೂ ನೀರು ಹಾಕದ ನಾನು ಇದಕ್ಕೆ ವಾರಕ್ಕೊಮ್ಮೆ ಚಿಮುಕಿಸಬೇಕಾಯಿತು.

ಇದಕ್ಕೆ ತಾಳ್ಮೆ ಬೇಕು. ಮೂರನೇ ತಿಂಗಳಿಗೇ ದಾರ ಬಿಚ್ಚಿದೆ, ಅರ್ಧ ಕೊಳೆತ ರಟ್ಟು, ಕೆಸರು, ಒಂದು ಮುಷ್ಟಿ ಹುಳು ಎಲ್ಲ ದೊಪ್ಪನೆ ನೆಲಕ್ಕೆ. ತಿರುಗಿ ತುಂಬಿ, ಮತ್ತೆ ಬಿಚ್ಚಿದ್ದು ಇನ್ನೂ ನಾಲ್ಕು ತಿಂಗಳಾದ ಮೇಲೆ. ಆಗ ಕೈ ಹಾಕಿ ಸ್ವಲ್ಪ ಕೆದಕಿದರೆ ಕಪ್ಪಗೆ, ಪುಡಿಪುಡಿಯಾಗಿ, ಮಳೆ ಬಿದ್ದ ಮಣ್ಣಿನ ವಾಸನೆಯ ಗೊಬ್ಬರ ಉದುರಿತು, ಹುಡುಕಿದರೆ ಹತ್ತು ಹುಳು ಸಿಕ್ಕಿರಬಹುದು. ಈ ಜಾತಿ ಊಟ ಇರುವ ಮೇಲಿನ ಪದರ ಬಿಟ್ಟು ಆಳಕ್ಕೆ ಹೋಗುವುದೇ ಕಡಿಮೆ, ಅದಕ್ಕೇ ತಳದಲ್ಲಿ ಹುಳು ತಾನಾಗಿ ಖಾಲಿಯಾಗುತ್ತೆ. ಟ್ರೇ ಮಾಡುತ್ತೇನೆ ಅಂದ ಕೆಲಸವನ್ನು ಚೀಲ ಸದ್ದಿಲ್ಲದೆ ಮಾಡಿತು. ಒಂದು ಎಚ್ಚರಿಕೆ: ತುಂಬಿದ ಮೇಲೆ ಅದನ್ನು ಅಲ್ಲಾಡಿಸಲೂ ಆಗಲ್ಲ, ಎಲ್ಲಿ ಇಡುತ್ತೀರೋ ಅಲ್ಲೇ.

ಹಣ್ಣಿನ ನೊಣ ಮೂರಕ್ಕೂ ಬಂತು. ಸಿಪ್ಪೆಯನ್ನು ಎರಡು ದಿನ ಫ್ರೀಜರ್‌ನಲ್ಲಿಟ್ಟು, ಹೆಪ್ಪು ಕರಗಲು ಬಿಟ್ಟು, ಹಾಸಿಗೆಯ ಅಡಿಯಲ್ಲಿ ಹೂತರೆ ತುಂಬಾ ಕಡಿಮೆ. ಸಿಪ್ಪೆ ಮೆತ್ತಗಾಗಿ ಹುಳುವಿಗೂ ಸುಲಭ.

ಈಗ ಮನೆಯಲ್ಲಿ ಚೀಲ ದುಡಿಯುತ್ತಿದೆ. ಟಬ್‌ನಲ್ಲಿ ಒಂದಿಷ್ಟು ಹುಳು ಮೀಸಲಿಟ್ಟಿದ್ದೇನೆ, ಚೀಲಕ್ಕೇನಾದರೂ ಆದರೆ ಇರಲಿ ಅಂತ. ಹೊಸದಾಗಿ ಶುರು ಮಾಡುವವರಿಗೂ ಟಬ್ಬೇ ಸಾಕು, ತಳಕ್ಕೆ ತೂತು ಕೊರೆಯಲು ಮಾತ್ರ ಮರೆಯಬೇಡಿ. ಟ್ರೇಗಳಲ್ಲಿ ಒಂದನ್ನು ಗೊಬ್ಬರ ಸೋಸುವ ಜರಡಿ ಮಾಡಿಕೊಂಡೆ. ಆ ಕೆಲಸಕ್ಕೆ ಅದರ ತೂತುಗಳು ಹೇಳಿ ಮಾಡಿಸಿದ ಹಾಗಿವೆ.